ಬಾಲ ಬದಲಿಸುವ ಕ್ರಿಯಾಪದಗಳು: ಜರ್ಮನ್‌ಗೆ ಕನ್ನಡದ ದಾರಿ

ಜರ್ಮನ್ ಕಲಿಯಲು ಕೂತವರು ಮೊದಲ ಕೆಲವು ದಿನಗಳಲ್ಲೇ ಒಂದು ಕೋಷ್ಟಕದ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಇಶ್ ಲೆರ್ನೆ, ಡೂ ಲೆರ್ನ್‌ಸ್ಟ್, ಏರ್ ಲೆರ್ನ್‌ಟ್, ವೀರ್ ಲೆರ್ನೆನ್. ‘ಕಲಿ’ ಅನ್ನೋ ಒಂದು ಮಾತಿಗೆ ಇಷ್ಟೊಂದು ವೇಷಗಳಾ? ಇಂಗ್ಲಿಷ್‌ನಲ್ಲಿ ಐ ಲರ್ನ್, ಯೂ ಲರ್ನ್, ವೀ ಲರ್ನ್ ಅಂತ ಎಷ್ಟು ಆರಾಮಾಗಿತ್ತು!

ಈ ಗಾಬರಿ ಕನ್ನಡಿಗರಿಗೆ ಬಂದರೆ ನನಗೆ ನಗು ಬರುತ್ತದೆ. ಒಮ್ಮೆ ಎಣಿಸಿ ನೋಡಿ. ಕಲಿಯುತ್ತೇನೆ, ಕಲಿಯುತ್ತೇವೆ, ಕಲಿಯುತ್ತೀಯ, ಕಲಿಯುತ್ತೀರಿ, ಕಲಿಯುತ್ತಾನೆ, ಕಲಿಯುತ್ತಾಳೆ, ಕಲಿಯುತ್ತಾರೆ, ಕಲಿಯುತ್ತದೆ, ಕಲಿಯುತ್ತವೆ. ಒಟ್ಟು 9. ಇದನ್ನು ಮೂರು ವರ್ಷದ ಮಗುವೂ ತಪ್ಪಿಲ್ಲದೆ ಬಳಸುತ್ತದೆ. ಜರ್ಮನ್‌ನಲ್ಲಿ ಇದೇ ಕೆಲಸಕ್ಕೆ ಬೇಕಾದ ರೂಪಗಳು ಬರೀ 4. ತೊಂದರೆ ಜರ್ಮನ್‌ನದ್ದಲ್ಲ, ನಾವು ಅಲ್ಲಿಗೆ ಹೋಗುವ ದಾರಿಯದ್ದು. ಪುಸ್ತಕ ಇಂಗ್ಲಿಷ್‌ನಲ್ಲಿ, ಪಾಠ ಇಂಗ್ಲಿಷ್‌ನಲ್ಲಿ, ಆ್ಯಪ್ ಇಂಗ್ಲಿಷ್‌ನಲ್ಲಿ. ಹಾಗಾಗಿ ಮನೆಯಲ್ಲೇ ಇರುವ ಸಾಮಾನು ಬಿಟ್ಟು ಪಕ್ಕದ ಮನೆಯಲ್ಲಿ ಹುಡುಕುತ್ತೇವೆ. ಈ ಲೇಖನದಲ್ಲಿ ಜರ್ಮನ್‌ನ ನಿಯಮಿತ ಕ್ರಿಯಾಪದಗಳನ್ನು, ಅಂದರೆ ಹೇಳಿದ ಮಾತು ಕೇಳುವ ಸಭ್ಯ ಕ್ರಿಯಾಪದಗಳನ್ನು, ಕನ್ನಡದ ಕಡೆಯಿಂದ ನೋಡೋಣ.

ಮೊದಲು ಉಚ್ಚಾರಣೆಯ ಬಗ್ಗೆ ಎರಡು ಮಾತು. ‘ಇಶ್’ ಎಂದು ನಾನು ಬರೆದದ್ದು ಅಂದಾಜಿಗೆ. ನಿಜವಾದ ಸದ್ದು ಶ ಮತ್ತು ಹ ನಡುವೆ ಎಲ್ಲೋ ಇದೆ. ‘ಜ಼’ ಎಂದು ಚುಕ್ಕಿ ಇಟ್ಟಲ್ಲಿ ನಮ್ಮ ಜ ಅಲ್ಲ, ದುಂಬಿ ಗುಂಯ್‌ಗುಟ್ಟಿದ ಹಾಗೆ ಹಲ್ಲಿನ ಸಂದಿಯಿಂದ ಬರುವ ಸದ್ದು. ಇನ್ನೊಂದು, ಕೊನೆಯಲ್ಲಿ ಉ ಸೇರಿಸಬೇಡಿ. ನಮ್ಮ ನಾಲಿಗೆಗೆ ಬಸ್ ‘ಬಸ್ಸು’ ಆಗದಿದ್ದರೆ, ಕಾರ್ ‘ಕಾರು’ ಆಗದಿದ್ದರೆ ಸಮಾಧಾನ ಇಲ್ಲ. ‘ಲೆರ್ನ್‌ಸ್ಟು’ ಅಂದರೆ ಎದುರಿನ ಜರ್ಮನ್ ಮನುಷ್ಯನಿಗೆ ಕೊನೆಯಲ್ಲಿ ಇನ್ನೊಂದು ‘ಡೂ’ ಕೇಳಿಸೀತು.

ಈಗ ಯಂತ್ರವನ್ನು ಬಿಚ್ಚೋಣ. ನಿಘಂಟಿನಲ್ಲಿ ಜರ್ಮನ್ ಕ್ರಿಯಾಪದ ‘ಎನ್’ ಬಾಲದೊಂದಿಗೆ ಸಿಗುತ್ತದೆ. ಲೆರ್ನೆನ್ ಅಂದರೆ ಕಲಿಯುವುದು, ವೋನೆನ್ ಅಂದರೆ ವಾಸಿಸುವುದು, ಕೌಫೆನ್ ಅಂದರೆ ಕೊಳ್ಳುವುದು, ಫ್ರಾಗೆನ್ ಅಂದರೆ ಕೇಳುವುದು, ಶ್ಪೀಲೆನ್ ಅಂದರೆ ಆಡುವುದು. ಆ ‘ಎನ್’ ಕಿತ್ತು ಹಾಕಿ. ಉಳಿದದ್ದು ಧಾತು. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ಅದೇ ಧಾತು: ಕಲಿ, ಮಾಡು, ಹೋಗು ಇದ್ದ ಹಾಗೆ ಲೆರ್ನ್, ವೋನ್, ಕೌಫ್. ಅದಕ್ಕೆ ಯಾರು ಮಾಡುತ್ತಾರೆ ಅನ್ನುವುದಕ್ಕೆ ತಕ್ಕಂತೆ ಹೊಸ ಬಾಲ ಅಂಟಿಸಬೇಕು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಆಖ್ಯಾತ ಪ್ರತ್ಯಯ ಎಂಬ ಭಾರದ ಹೆಸರಿದೆ. ಬಾಲ ಅಂದರೂ ಸಾಕು.

ಇಶ್ ಲೆರ್ನ್-ಎ: ನಾನು ಕಲಿಯುತ್ತೇನೆ
ಡೂ ಲೆರ್ನ್-ಸ್ಟ್: ನೀನು ಕಲಿಯುತ್ತೀಯ
ಏರ್, ಜ಼ೀ, ಎಸ್ ಲೆರ್ನ್-ಟ್: ಅವನು, ಅವಳು, ಅದು
ವೀರ್ ಲೆರ್ನ್-ಎನ್: ನಾವು ಕಲಿಯುತ್ತೇವೆ
ಈರ್ ಲೆರ್ನ್-ಟ್: ನೀವೆಲ್ಲ (ಸಲುಗೆಯವರು)
ಜ಼ೀ ಲೆರ್ನ್-ಎನ್: ಅವರು, ಗೌರವದ ‘ನೀವು’ ಕೂಡ

ವರ್ತಮಾನ ಕಾಲ ಅಂದರೆ ಇಷ್ಟೇ. ಎ, ಸ್ಟ್, ಟ್, ಎನ್. ಈ ನಾಲ್ಕು ಬಾಲ ಗೊತ್ತಿದ್ದರೆ ಸಾವಿರಾರು ಕ್ರಿಯಾಪದಗಳು ಕೈಗೆ ಬಂದ ಹಾಗೆ. ‘ಇಶ್ ವೋನೆ ಇನ್ ಬೆಂಗಳೂರು’ ಎಂದು ಮೊದಲ ವಾರದಲ್ಲೇ ಹೇಳಬಹುದು.

ಕೋಷ್ಟಕದಲ್ಲಿ ಕನ್ನಡಕ್ಕೂ ಜರ್ಮನ್‌ಗೂ ಇರುವ ಒಂದು ದೊಡ್ಡ ವ್ಯತ್ಯಾಸ ಅಡಗಿದೆ. ನಮ್ಮ 9 ಬಾಲಗಳು ಒಂದರಂತೆ ಒಂದಿಲ್ಲ. ಅದಕ್ಕೇ ‘ನಾಳೆ ಬರ್ತೀನಿ’ ಅಂದರೆ ಸಾಕು, ‘ನಾನು’ ಹೇಳಬೇಕಿಲ್ಲ. ಬಾಲವೇ ಆಳನ್ನು ತೋರಿಸುತ್ತದೆ. ಜರ್ಮನ್‌ನಲ್ಲಿ ಒಂದೇ ಬಾಲ ಇಬ್ಬರು ಮೂವರ ಹತ್ತಿರ ಇದೆ. ಬರೀ ‘ಲೆರ್ನ್‌ಟ್’ ಅಂದರೆ ಅವನೋ, ಅವಳೋ, ನೀವೆಲ್ಲರೋ ತಿಳಿಯುವುದಿಲ್ಲ. ಆದ್ದರಿಂದ ಇಶ್, ಡೂ, ಏರ್‌ಗಳನ್ನು ಬಿಡುವ ಹಾಗಿಲ್ಲ. ಕನ್ನಡದ ಅಭ್ಯಾಸದಲ್ಲಿ ಸರ್ವನಾಮ ನುಂಗಿಬಿಟ್ಟರೆ ಜರ್ಮನ್ ವಾಕ್ಯಕ್ಕೆ ತಲೆಯೇ ಇರುವುದಿಲ್ಲ.

ಅವನು, ಅವಳು, ಅದು ಮೂವರಿಗೂ ಒಂದೇ ‘ಟ್’. ಹೆಸರುಪದಗಳಿಗೆ ಗಂಡು, ಹೆಣ್ಣು, ನಪುಂಸಕ ಎಂದು ಲಿಂಗ ಹಚ್ಚಿ ಜೀವ ತಿನ್ನುವ ಜರ್ಮನ್, ಕ್ರಿಯಾಪದದಲ್ಲಿ ಮಾತ್ರ ಆ ಗೋಜಿಗೇ ಹೋಗುವುದಿಲ್ಲ. ನಮ್ಮದು ಉಲ್ಟಾ. ಮೇಜಿಗೆ, ಕುರ್ಚಿಗೆ ಲಿಂಗ ಹುಡುಕುವ ಕಷ್ಟ ನಮಗಿಲ್ಲ, ಆದರೆ ಕ್ರಿಯಾಪದದಲ್ಲಿ ಆನೆ, ಆಳೆ, ಅದೆ ಎಂದು ಮೂರು.

ಗೌರವದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ನಾವು ಎಡವುವುದು ಇಲ್ಲೇ. ನಮ್ಮ ‘ನೀವು’ ಎರಡು ಕೆಲಸ ಮಾಡುತ್ತದೆ. ಅಜ್ಜನೊಬ್ಬರಿಗೂ ನೀವು, ಆಟ ಆಡುತ್ತಿರುವ ಹತ್ತು ಮಕ್ಕಳಿಗೂ ನೀವು. ಜರ್ಮನ್ ಇವೆರಡನ್ನು ಬೇರೆ ಮಾಡುತ್ತದೆ. ‘ಡೂ’ ಎಂದು ಕರೆಯುವಂಥ ಸಲುಗೆಯವರು ಒಬ್ಬರಿಗಿಂತ ಜಾಸ್ತಿ ಇದ್ದರೆ ‘ಈರ್’. ಅಪರಿಚಿತರು, ಅಂಗಡಿಯವರು, ಡಾಕ್ಟರು, ಕಚೇರಿಯ ಅಧಿಕಾರಿ ಒಬ್ಬರಿದ್ದರೂ ನೂರು ಮಂದಿ ಇದ್ದರೂ ‘ಜ಼ೀ’. ಈ ಜ಼ೀ ನಿಜವಾಗಿ ‘ಅವರು’ ಎಂಬ ಪದವೇ. ಎದುರಿಗಿರುವವರನ್ನೇ ಸ್ವಲ್ಪ ದೂರ ನಿಲ್ಲಿಸಿ ‘ಅವರು ಏನು ತಗೊಳ್ತಾರೆ?’ ಎಂದು ಕೇಳಿದ ಹಾಗೆ. ಬರೆಯುವಾಗ ಗೌರವದ ಜ಼ೀಗೆ ಮೊದಲ ಅಕ್ಷರ ದೊಡ್ಡದು, ಅಷ್ಟೇ ವ್ಯತ್ಯಾಸ.

ಹಾಗೆ ನೋಡಿದರೆ ಜ಼ೀ ಎಂಬ ಒಂದೇ ಸದ್ದಿಗೆ ಮೂರು ಅರ್ಥ: ಅವಳು, ಅವರು, ಗೌರವದ ನೀವು. ಕಿವಿಗೆ ಬಿದ್ದಾಗ ಯಾವುದು ಅಂತ ಹೇಗೆ ಗೊತ್ತಾಗಬೇಕು? ಬಾಲ ನೋಡಿ. ‘ಜ಼ೀ ಲೆರ್ನ್‌ಟ್’ ಅಂದರೆ ಅವಳು. ‘ಜ಼ೀ ಲೆರ್ನೆನ್’ ಅಂದರೆ ಅವರು ಅಥವಾ ನೀವು, ಅದನ್ನು ಸಂದರ್ಭ ಹೇಳುತ್ತದೆ.

ಇನ್ನು ಬಳಿಯಲ್ಲಿಲ್ಲದವರ ಗೌರವ. ನಾವು ‘ಮೇಷ್ಟ್ರು ಬಂದ’ ಅನ್ನುವುದಿಲ್ಲ, ಬಂದರು ಅನ್ನುತ್ತೇವೆ. ಜರ್ಮನ್‌ನಲ್ಲಿ ಮೇಷ್ಟ್ರೂ ‘ಏರ್’, ಅಪ್ಪನೂ ‘ಏರ್’, ಪ್ರಧಾನಿಯೂ ‘ಏರ್’ ಅಥವಾ ‘ಜ಼ೀ’. ಮೇಷ್ಟ್ರ ಬಗ್ಗೆ ‘ಏರ್ ವೋನ್‌ಟ್’ ಅನ್ನುವಾಗ ಮೊದಮೊದಲು ನಾಲಿಗೆ ಹಿಂಜರಿಯುತ್ತದೆ. ಹಿಂಜರಿದು ‘ಎನ್’ ಬಾಲ ಹಚ್ಚಿದರೆ ಒಬ್ಬ ಮೇಷ್ಟ್ರು ಹಲವರಾಗಿಬಿಡುತ್ತಾರೆ.

ಈಗ ಪುಸ್ತಕಗಳು ‘ವಿಶೇಷ ಸಂದರ್ಭಗಳು’ ಎಂದು ಬೇರೆ ಪುಟದಲ್ಲಿ ಕೊಡುವ, ಕಲಿಯುವವರು ಉರು ಹೊಡೆಯುವ ಭಾಗ. ನನ್ನ ಪ್ರಕಾರ ಉರು ಹೊಡೆಯಬೇಕಾದ್ದು ಏನೂ ಇಲ್ಲ. ನಾಲಿಗೆಗೆ ಕಷ್ಟ ಆದಲ್ಲಿ ಒಂದು ಸದ್ದು ಸೇರಿಸುತ್ತಾರೆ ಇಲ್ಲವೇ ಒಂದು ಸದ್ದು ಬಿಡುತ್ತಾರೆ. ಇದಕ್ಕೆ ಕನ್ನಡದಲ್ಲಿ ಹೆಸರಿದೆ: ಆಗಮ, ಲೋಪ. ಮನೆ ಜೊತೆ ಅಲ್ಲಿ ಸೇರಿದರೆ ನಡುವೆ ಯ ಬಂದು ‘ಮನೆಯಲ್ಲಿ’. ಊರು ಜೊತೆ ಅಲ್ಲಿ ಸೇರಿದರೆ ಉ ಹೋಗಿ ‘ಊರಲ್ಲಿ’. ನಮ್ಮಲ್ಲಿ ಎರಡು ಸ್ವರ ಡಿಕ್ಕಿ ಹೊಡೆದಾಗ ಹೀಗಾಗುತ್ತದೆ. ಅವರಲ್ಲಿ ವ್ಯಂಜನಗಳು ಡಿಕ್ಕಿ ಹೊಡೆದಾಗ.

ಅರ್ಬೈಟೆನ್ ಅಂದರೆ ಕೆಲಸ ಮಾಡುವುದು. ಧಾತು ಅರ್ಬೈಟ್. ಅದಕ್ಕೆ ‘ಸ್ಟ್’ ಅಂಟಿಸಿದರೆ ‘ಅರ್ಬೈಟ್‌ಸ್ಟ್’, ಬಾಯಿ ತುಂಬ ಕಲ್ಲು. ‘ಟ್’ ಅಂಟಿಸಿದರೆ ಇನ್ನೂ ಅನ್ಯಾಯ: ಎರಡು ಟ್ ಒಂದರ ಮೇಲೊಂದು ಬಿದ್ದು ಬಾಲ ಇದೆಯೋ ಇಲ್ಲವೋ ಕೇಳಿಸುವುದೇ ಇಲ್ಲ. ಅದಕ್ಕೆ ನಡುವೆ ಎ ಬರುತ್ತದೆ. ಡೂ ಅರ್ಬೈಟೆಸ್ಟ್, ಏರ್ ಅರ್ಬೈಟೆಟ್, ಈರ್ ಅರ್ಬೈಟೆಟ್. ಧಾತು ಟ್ ಅಥವಾ ಡ್‌ನಲ್ಲಿ ಮುಗಿದರೆ ಹೀಗೆ. ರೇಡೆನ್ (ಮಾತಾಡು) ಎಂಬುದು ಡೂ ರೇಡೆಸ್ಟ್ ಆಗುತ್ತದೆ. ‘ಇಶ್’ ಮತ್ತು ‘ವೀರ್’ ರೂಪಗಳಲ್ಲಿ ಬಾಲವೇ ಸ್ವರದಿಂದ ಶುರುವಾಗುತ್ತದೆ, ಡಿಕ್ಕಿಯೇ ಇಲ್ಲ, ಆಗಮವೂ ಬೇಡ.

ಧಾತು ಮ್ ಅಥವಾ ನ್‌ನಲ್ಲಿ ಮುಗಿದು, ಅದರ ಹಿಂದೆಯೂ ಒಂದು ಗಟ್ಟಿ ವ್ಯಂಜನ ಇದ್ದರೆ ಇದೇ ಕತೆ. ರೆಶ್ನೆನ್ (ಲೆಕ್ಕ ಮಾಡು) ‘ಡೂ ರೆಶ್ನೆಸ್ಟ್’ ಆಗುತ್ತದೆ. ಆಟ್ಮೆನ್ ‘ಡೂ ಆಟ್ಮೆಸ್ಟ್’ ಆಗುತ್ತದೆ. ಆಟ್ಮೆನ್ ಅಂದರೆ ಉಸಿರಾಡುವುದು. ಹೌದು, ನಿಮ್ಮ ಊಹೆ ಸರಿ. ಸಂಸ್ಕೃತದ ‘ಆತ್ಮ’ಕ್ಕೂ ಇದಕ್ಕೂ ಬೇರು ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರದವರು. ಹಾಗಾದರೆ ಲೆರ್ನೆನ್‌ನಲ್ಲೂ ನ್ ಇದೆಯಲ್ಲ, ಅಲ್ಲಿ ಯಾಕೆ ಎ ಬರಲಿಲ್ಲ? ಹಿಂದೆ ಇರುವುದು ರ್, ಅದು ಮೆತ್ತಗಿನ ಸದ್ದು. ‘ಲೆರ್ನ್‌ಸ್ಟ್’ ಹೇಳಿ ನೋಡಿ, ಬರುತ್ತದೆ. ‘ಆಟ್ಮ್‌ಸ್ಟ್’ ಹೇಳಿ ನೋಡಿ. ಬಾಯಿಯೇ ನಿಯಮ ಹೇಳಿಕೊಡುತ್ತದೆ.

ಲೋಪದ ಉದಾಹರಣೆ ಎಲ್ಲರೂ ಕಲಿಯುವ ಮೊದಲ ಪ್ರಶ್ನೆಯಲ್ಲೇ ಇದೆ. ‘ವೀ ಹೈಸ್ಟ್ ಡೂ?’ ಅಂದರೆ ನಿನ್ನ ಹೆಸರೇನು. ಹೈಸೆನ್ ಅಂದರೆ ಹೆಸರು ಇರುವುದು, ಧಾತು ಹೈಸ್. ಸ್ ಈಗಾಗಲೇ ಇದೆ, ಬಾಲದಲ್ಲೂ ಇನ್ನೊಂದು ಸ್ ಯಾಕೆ? ಬಿಟ್ಟರು. ಹೈಸ್ಟ್. ‘ಏರ್ ಹೈಸ್ಟ್’ ಕೂಡ ಅದೇ. ಟಾನ್‌ಟ್ಸೆನ್ (ಕುಣಿ), ರೈಜ಼ೆನ್ (ಪ್ರಯಾಣ ಮಾಡು) ಕೂಡ ಹೀಗೇ: ಡೂ ಟಾನ್‌ಟ್ಸ್ಟ್, ಡೂ ರೈಸ್ಟ್. ಅಂದಹಾಗೆ ಹೈಸೆನ್ ವರ್ತಮಾನದಲ್ಲಿ ಮಾತ್ರ ಸಂಭಾವಿತ, ಭೂತಕಾಲಕ್ಕೆ ಹೋದರೆ ದಾರಿ ತಪ್ಪುತ್ತದೆ.

‘ಎಲ್ನ್’ನಲ್ಲಿ ಮುಗಿಯುವ ಕ್ರಿಯಾಪದಗಳಲ್ಲೂ ಲೋಪವೇ. ಜ಼ಾಮೆಲ್ನ್ ಅಂದರೆ ಸಂಗ್ರಹಿಸುವುದು. ‘ಇಶ್ ಜ಼ಾಮೆಲೆ’ ಆಗಬೇಕಿತ್ತು, ನಡುವಿನ ಎ ಜಾರಿ ‘ಇಶ್ ಜ಼ಾಮ್ಲೆ’ ಆಗಿದೆ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳಲು ಏನೂ ಇಲ್ಲ.

ವರ್ತಮಾನ ಮುಗಿಸುವ ಮೊದಲು ಇಂಗ್ಲಿಷ್ ಹೇಗೆ ಕೈ ಕೊಡುತ್ತದೆ ನೋಡಿ. ‘ಐ ಆ್ಯಮ್ ಲರ್ನಿಂಗ್’ ಎಂದು ತಲೆಯಲ್ಲಿ ಇಟ್ಟುಕೊಂಡವರು ‘ಇಶ್ ಬಿನ್ ಲೆರ್ನೆನ್’ ಅನ್ನುತ್ತಾರೆ. ತಪ್ಪು. ಜರ್ಮನ್‌ನಲ್ಲಿ ಕಲಿಯುತ್ತೇನೆ, ಕಲಿಯುತ್ತಿದ್ದೇನೆ ಎರಡಕ್ಕೂ ‘ಇಶ್ ಲೆರ್ನೆ’ ಸಾಕು. ಭವಿಷ್ಯಕ್ಕೂ ಸಾಕು. ‘ಇಶ್ ಲೆರ್ನೆ ಮೋರ್ಗೆನ್’ ಅಂದರೆ ನಾಳೆ ಕಲಿಯುತ್ತೇನೆ. ನಾವೂ ‘ನಾಳೆ ಹೋಗ್ತೀನಿ’ ಅನ್ನುವುದು ವರ್ತಮಾನದಲ್ಲೇ ಅಲ್ವಾ? ಇಂಗ್ಲಿಷ್‌ನ ‘ವಿಲ್’ ಹುಡುಕುತ್ತಾ ಕೂರದಿದ್ದರೆ ಅರ್ಧ ಭವಿಷ್ಯ ಬಿಟ್ಟಿಯಾಗಿ ಸಿಕ್ಕಿತು.

ಭೂತಕಾಲಕ್ಕೆ ಬಂದರೆ ಒಂದು ಚಂದದ ಕಾಕತಾಳೀಯ ಇದೆ. ಧಾತುವಿಗೆ ‘ಟೆ’ ಸೇರಿಸಬೇಕು. ಇಶ್ ಲೆರ್ನ್‌ಟೆ. ಕನ್ನಡದಲ್ಲಿ? ನಾನು ಕಲಿತೆ. ಕೌಫ್‌ಟೆ ಅಂದರೆ ಕೊಂಡೆ, ಫ್ರಾಕ್‌ಟೆ ಅಂದರೆ ಕೇಳಿದೆ. ನಮ್ಮಲ್ಲಿ ತ ಅಥವಾ ದ, ಅವರಲ್ಲಿ ಟ. ಎರಡೂ ಭಾಷೆಗಳು ಬೇರೆ ಬೇರೆ ಕುಟುಂಬದವು, ಒಂದು ದ್ರಾವಿಡ, ಇನ್ನೊಂದು ಇಂಡೋ-ಯುರೋಪಿಯನ್. ನಂಟೇನೂ ಇಲ್ಲ. ಆದರೆ ನೆನಪಿಟ್ಟುಕೊಳ್ಳಲು ನಂಟು ಬೇಕಿಲ್ಲವಲ್ಲ.

ಬಾಲಗಳು ಹೀಗೆ: ಇಶ್ ಲೆರ್ನ್‌ಟೆ, ಡೂ ಲೆರ್ನ್‌ಟೆಸ್ಟ್, ಏರ್ ಲೆರ್ನ್‌ಟೆ, ವೀರ್ ಲೆರ್ನ್‌ಟೆನ್, ಈರ್ ಲೆರ್ನ್‌ಟೆಟ್, ಜ಼ೀ ಲೆರ್ನ್‌ಟೆನ್. ‘ನಾನು’ ಮತ್ತು ‘ಅವನು’ ಇಲ್ಲಿ ಒಂದೇ ರೂಪ. ಏರ್ ಜೊತೆ ಅಭ್ಯಾಸಬಲದಿಂದ ಕೊನೆಗೆ ಟ್ ಹಚ್ಚಬೇಡಿ. ಅರ್ಬೈಟೆನ್‌ಗೆ ಆಗಮದ ಎ ಇಲ್ಲೂ ಬೇಕು. ಆಗ ‘ಅರ್ಬೈಟೆಟೆ’. ತೊದಲಿದ ಹಾಗೆ ಕೇಳುತ್ತದೆ, ಆದರೆ ಸರಿಯಾದದ್ದೇ.

ಈ ‘ಟೆ’ ಗುಂಪಿಗೆ ಜರ್ಮನ್ ವ್ಯಾಕರಣದಲ್ಲಿ ಇರುವ ಹೆಸರು ‘ದುರ್ಬಲ’ ಕ್ರಿಯಾಪದಗಳು. ಹೆಸರಿಟ್ಟವರು ಯಾಕೋಬ್ ಗ್ರಿಮ್, ತಮ್ಮನ ಜೊತೆ ಸೇರಿ ಜನಪದ ಕತೆಗಳನ್ನು ಕೂಡಿಹಾಕಿದ ಅದೇ ಗ್ರಿಮ್. ಅವರ ಜರ್ಮನ್ ವ್ಯಾಕರಣದ ಮೊದಲ ಸಂಪುಟ 1819ರಲ್ಲಿ ಬಂತು. ಒಳಗಿನ ಸ್ವರವನ್ನೇ ಬದಲಿಸಿಕೊಂಡು ತಾವಾಗಿಯೇ ಭೂತಕಾಲ ಕಟ್ಟಿಕೊಳ್ಳುವವು ಬಲಿಷ್ಠ, ಹೊರಗಿನಿಂದ ಟ ಎಂಬ ಊರುಗೋಲು ಬೇಕಾದವು ದುರ್ಬಲ ಎಂಬುದು ಅವರ ಲೆಕ್ಕ. ನಮ್ಮಲ್ಲೂ ಹೀಗೆ ಎರಡು ಜಾತಿ ಉಂಟು. ಮಾಡಿದ, ಹಾಡಿದ, ಓದಿದ ಒಂದು ಕಡೆ. ನಕ್ಕ, ಬಿದ್ದ, ಕೊಟ್ಟ, ತಿಂದ ಇನ್ನೊಂದು ಕಡೆ. ನಗು ‘ನಕ್ಕ’ ಆಗುವುದು, ಬೀಳು ‘ಬಿದ್ದ’ ಆಗುವುದು ಹೊರಗಿನವರಿಗೆ ಎಂಥ ತಲೆನೋವು ಇರಬೇಕು! ಈ ತಲೆನೋವನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡ ಜರ್ಮನ್ ಒಬ್ಬರಿದ್ದರು. ಬಾಸೆಲ್ ಮಿಷನ್ ಕಡೆಯಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, 1903ರಲ್ಲಿ ಕನ್ನಡ ವ್ಯಾಕರಣ. ಅವರು ದಾಟಿದ ಬೆಟ್ಟದ ಮುಂದೆ ನಮ್ಮ ‘ಟೆ’ ಒಂದು ದಿಬ್ಬವೂ ಅಲ್ಲ.

ದುರ್ಬಲ ಎಂದು ಹೆಸರಿದ್ದರೂ ಗೆಲ್ಲುತ್ತಿರುವುದು ಇವೇ. ಬಲಿಷ್ಠ ಕ್ರಿಯಾಪದಗಳು ಸುಮಾರು 200 ಇರಬಹುದು, ಹೊಸದಾಗಿ ಆ ಗುಂಪಿಗೆ ಸೇರುವವರು ಇಲ್ಲವೆಂದೇ ಹೇಳಬೇಕು. ಇದ್ದವರೂ ಒಬ್ಬೊಬ್ಬರಾಗಿ ಈ ಕಡೆ ಬರುತ್ತಾರೆ. ಬ್ರೆಡ್ಡು ಬೇಯಿಸುವುದಕ್ಕೆ ಬಾಕೆನ್. ಅದರ ಹಳೆಯ ಭೂತಕಾಲ ‘ಬೂಕ್’. ಈಗ ಜನ ಹೇಳುವುದು ‘ಬಾಕ್‌ಟೆ’.

ಆದರೆ ಒಂದು ಎಚ್ಚರಿಕೆ. ಮಾತಿನಲ್ಲಿ, ಅದರಲ್ಲೂ ದಕ್ಷಿಣ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ, ಈ ‘ಟೆ’ ರೂಪ ಕಿವಿಗೆ ಬೀಳುವುದು ಕಡಿಮೆ. ಸ್ವಿಸ್ ಜರ್ಮನ್ ಆಡುಮಾತಿನಲ್ಲಂತೂ ಅದು ಇಲ್ಲವೇ ಇಲ್ಲ. ಕತೆ, ವರದಿ ಬರೆಯುವಾಗ ‘ಟೆ’, ಊಟದ ಮೇಜಿನ ಮುಂದೆ ಇನ್ನೊಂದು ರೂಪ. ಕಲಿಯುವವರಿಗೆ ಮೊದಲು ಬೇಕಾದದ್ದು ಆ ಇನ್ನೊಂದೇ.

ಅದು ಹೀಗಿದೆ: ಧಾತುವಿನ ಮುಂದೆ ‘ಗೆ’, ಹಿಂದೆ ‘ಟ್’. ಗೆ-ಲೆರ್ನ್-ಟ್, ಗೆ-ಕೌಫ್-ಟ್, ಗೆ-ಶ್ಪೀಲ್-ಟ್, ಗೆ-ಅರ್ಬೈಟ್-ಎಟ್. ಇದು ಇನ್ನು ಬದಲಾಗುವುದಿಲ್ಲ. ಬಾಲ ಬದಲಿಸುವ ಕೆಲಸ ಹಾಬೆನ್ ಎಂಬ ಸಹಾಯಕನದ್ದು: ಇಶ್ ಹಾಬೆ, ಡೂ ಹಾಸ್ಟ್, ಏರ್ ಹಾಟ್, ವೀರ್ ಹಾಬೆನ್, ಈರ್ ಹಾಬ್ಟ್, ಜ಼ೀ ಹಾಬೆನ್. ಸಹಾಯಕ ವಾಕ್ಯದಲ್ಲಿ ಎರಡನೇ ಜಾಗದಲ್ಲಿ ಕೂರುತ್ತಾನೆ, ‘ಗೆ-ಟ್’ ರೂಪ ಕೊನೆಗೆ ಹೋಗುತ್ತದೆ. ಇಶ್ ಹಾಬೆ ಗೆಸ್ಟರ್ನ್ ಡೊಯ್ಚ್ ಗೆಲೆರ್ನ್‌ಟ್. ನಿನ್ನೆ ಜರ್ಮನ್ ಕಲಿತೆ. ಕ್ರಿಯೆ ಕೊನೆಗೆ ಬರುವುದು ನಮಗೆ ಹೊಸದಲ್ಲ. ಇಂಗ್ಲಿಷ್‌ನವರಿಗೆ ಕೊನೆಯವರೆಗೆ ಕಾಯುವುದು ಹಿಂಸೆ, ನಮಗೆ ದಿನನಿತ್ಯದ ಮಾತು.

ಇಂಗ್ಲಿಷ್ ಮತ್ತೆ ಕಾಲು ಎಳೆಯುವುದು ಇಲ್ಲಿ. ‘ಐ ಹ್ಯಾವ್’ ಜೊತೆ ‘ಯೆಸ್ಟರ್‌ಡೇ’ ಬರೆದರೆ ಕೆಂಪು ಶಾಯಿ ಬೀಳುತ್ತಿತ್ತು, ನೆನಪಿದೆಯಾ? ಜರ್ಮನ್‌ನಲ್ಲಿ ಹಾಬೆ ಜೊತೆ ನಿನ್ನೆ, ಮೊನ್ನೆ, ಹೋದ ವರ್ಷ ಏನು ಬೇಕಾದರೂ ಬರಬಹುದು. ಆ ಕೆಂಪು ಶಾಯಿಯ ಭಯವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ.

ಕೆಲವು ಕ್ರಿಯಾಪದಗಳಿಗೆ ಹಾಬೆನ್ ಬದಲು ‘ಇರು’ ಎಂಬ ಅರ್ಥದ ಜ಼ೈನ್ ಸಹಾಯಕ. ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವ ಕ್ರಿಯೆಗಳು ಇವು: ಇಶ್ ಬಿನ್ ಗೆರೈಸ್ಟ್, ಪ್ರಯಾಣ ಮಾಡಿದ್ದೇನೆ. ನಿಜ ಹೇಳಬೇಕೆಂದರೆ ನಮಗೆ ಇದೇ ಸಹಜ. ‘ಬಂದಿದ್ದೇನೆ’ ಅನ್ನುವುದರಲ್ಲಿ ಇರುವುದೂ ‘ಇರು’ ತಾನೇ. ಹಾಬೆನ್‌ನಂಥ ಪದ ನಮ್ಮ ಹತ್ತಿರ ಇಲ್ಲವೇ ಇಲ್ಲ. ದುಡ್ಡೂ ನಮ್ಮ ಹತ್ತಿರ ‘ಇರುತ್ತದೆ’.

ಇನ್ನೊಂದು ಗಂಟು. ಎಲ್ಲ ಕ್ರಿಯಾಪದಗಳೂ ‘ಗೆ’ ತೊಡುವುದಿಲ್ಲ. ಪುಸ್ತಕಗಳು ಎರಡು ಪಟ್ಟಿ ಕೊಡುತ್ತವೆ. ಬೆ, ಫೆರ್, ಎರ್‌ನಂಥ ಪೂರ್ವಪ್ರತ್ಯಯ ಇದ್ದವು ಒಂದು, ‘ಈರೆನ್’ನಲ್ಲಿ ಮುಗಿಯುವವು ಇನ್ನೊಂದು. ಪಟ್ಟಿ ಬೇಡ, ಒತ್ತು ಕೇಳಿ. ಪದದ ಮೊದಲ ಭಾಗದ ಮೇಲೆ ಒತ್ತು ಬಿದ್ದರೆ ಗೆ ಬರುತ್ತದೆ, ಬೀಳದಿದ್ದರೆ ಇಲ್ಲ. ಫೆರ್ಕೌಫೆನ್ (ಮಾರು) ಎಂಬಲ್ಲಿ ಒತ್ತು ‘ಕೌ’ ಮೇಲೆ. ಹಾಗಾಗಿ ಸುಮ್ನೆ ಫೆರ್ಕೌಫ್ಟ್. ಟೆಲೆಫೊನೀರೆನ್‌ನಲ್ಲಿ ಒತ್ತು ‘ನೀ’ ಮೇಲೆ. ಹಾಗಾಗಿ ಟೆಲೆಫೊನೀರ್ಟ್. ಆದರೆ ಐನ್‌ಕೌಫೆನ್ (ಸಾಮಾನು ತರು) ಎಂಬಲ್ಲಿ ಒತ್ತು ‘ಐನ್’ ಮೇಲೆ. ಗೆ ಬರಬೇಕು, ಅದೂ ನಡುವೆ ತೂರಿಕೊಂಡು: ಐನ್-ಗೆ-ಕೌಫ್ಟ್. ವರ್ತಮಾನದಲ್ಲಿ ಈ ಐನ್ ಕಳಚಿಕೊಂಡು ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ: ಇಶ್ ಕೌಫೆ ಐನ್.

ಈರೆನ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಲ್ಯಾಟಿನ್, ಫ್ರೆಂಚ್‌ನಿಂದ ಬಂದ ಪದಗಳನ್ನು ಜರ್ಮನ್ ಮಾಡಿಕೊಳ್ಳುವ ಬಾಗಿಲು ಅದು: ಶ್ಟುಡೀರೆನ್, ಟೆಲೆಫೊನೀರೆನ್, ಪ್ರೊಬೀರೆನ್. ನಮ್ಮಲ್ಲಿ ಇದೇ ಬಾಗಿಲು ‘ಇಸು’. ಸಂಸ್ಕೃತದ ಯೋಚನೆ ಬಂದು ‘ಯೋಚಿಸು’, ಪ್ರಯತ್ನ ಬಂದು ‘ಪ್ರಯತ್ನಿಸು’. ಇಸು ಹಚ್ಚಿಕೊಂಡು ಬಂದವು ಯಾವುವೂ ನಕ್ಕ, ಬಿದ್ದ ಆಗುವುದಿಲ್ಲ. ಎಲ್ಲವೂ ಶಿಸ್ತಾಗಿ ಯೋಚಿಸಿದ, ಪ್ರಯತ್ನಿಸಿದ. ಈರೆನ್ ಗುಂಪೂ ಹಾಗೇ, ಒಬ್ಬರೂ ಸಾಲು ತಪ್ಪುವುದಿಲ್ಲ.

ಇಂಗ್ಲಿಷ್‌ನಿಂದ ಬರುವ ಪದಗಳಿಗೆ ನಾವು ‘ಮಾಡು’ ಸೇರಿಸಿ ಕೈ ತೊಳೆದುಕೊಳ್ಳುತ್ತೇವೆ. ಡೌನ್‌ಲೋಡ್ ಮಾಡು, ಪೋಸ್ಟ್ ಮಾಡು. ಜರ್ಮನ್ ಹಾಗೆ ಮಾಡದೆ ನೇರವಾಗಿ ಬಾಲ ಹಚ್ಚುತ್ತದೆ. ಗೂಗೆಲ್ನ್: ಇಶ್ ಗೂಗ್ಲೆ, ಡೂ ಗೂಗೆಲ್ಸ್ಟ್, ಏರ್ ಗೂಗೆಲ್ಟ್, ಇಶ್ ಹಾಬೆ ಗೆಗೂಗೆಲ್ಟ್. ‘ಗೂಗ್ಲೆ’ಯಲ್ಲಿ ಜ಼ಾಮ್ಲೆಯ ಲೋಪ ಕಾಣಿಸಿತಾ? ತಮಾಷೆಗೆ ‘ಗೂಗಲಿಸಿ ನೋಡಿ’ ಅನ್ನುವವರು ನಮ್ಮಲ್ಲೂ ಇದ್ದಾರೆ, ಅವರು ಜರ್ಮನ್ ದಾರಿ ಹಿಡಿದವರು. ಡೌನ್‌ಲೋಡೆನ್ ವಿಷಯದಲ್ಲಿ ಮಾತ್ರ ಜರ್ಮನರೇ ಎರಡು ಪಕ್ಷ. ‘ಡೌನ್’ ಎಂಬುದನ್ನು ಐನ್‌ಕೌಫೆನ್‌ನ ಐನ್ ಥರ ಕಳಚಬಹುದಾದ ತುಂಡು ಎಂದುಕೊಂಡವರು ‘ಡೌನ್‌ಗೆಲೋಡೆಟ್’ ಅನ್ನುತ್ತಾರೆ. ಇಡೀ ಪದವೇ ಒಂದು ಧಾತು ಎಂದುಕೊಂಡವರು ‘ಗೆಡೌನ್‌ಲೋಡೆಟ್’ ಅನ್ನುತ್ತಾರೆ. ಎರಡರಲ್ಲೂ ಡ್ ಆದಮೇಲೆ ಆಗಮದ ಎ ಮಾತ್ರ ತಪ್ಪದೆ ಬಂದಿದೆ.